ಬಾಣಂತಿಗೆ ನೀರು

ನನ್ನ ಬಾಣಂತನ ನಡೆದದ್ದು ಬಿಳಿಚೋಡಿನ ತವರುಮನೆಯಲ್ಲಿ, ಏಪ್ರಿಲ್ ತಿಂಗಳಲ್ಲಿ. ಜಗಳೂರು ಸೀಮೆಯ ಬೇಸಿಗೆ ಕಂಡವರಿಗೆ ಇಷ್ಟು ಹೇಳಿದರೆ ಸಾಕು. ಕಾಣದವರು ಹೀಗೆ ಅಂದುಕೊಳ್ಳಿ: ಮಧ್ಯಾಹ್ನ ನಾಯಿ ಕೂಡ ನೆರಳು ಬಿಟ್ಟು ಏಳದ ಊರು, ಒಂದೇ ಕಿಟಕಿಯ ಕೋಣೆ, ಆ ಕಿಟಕಿಗೂ ಗೋಣಿತಾಟು, ಮಂಚದ ಕೆಳಗೆ ಕೆಂಡ, ಕಿವಿಯಲ್ಲಿ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫ್. ಕುಡಿಯಲು ಊಟದ ಮೇಲೆ ಅರ್ಧ ಲೋಟ ಬಿಸಿನೀರು. ಅದನ್ನೂ ಅವ್ವ ಎದುರಿಗೆ ನಿಂತು ಕುಡಿಸಿ ಲೋಟ ವಾಪಸ್ ಒಯ್ಯುತ್ತಿದ್ದಳು.

ಕಳೆದ ವರ್ಷ ಅದೇ ಕೋಣೆಗೆ ನನ್ನ ತಂಗಿ ಪುಷ್ಪ ಹೋಗುವುದಿತ್ತು. ನಾನು ಅಲ್ಲಿಂದ ಯಾವ ಸ್ಥಿತಿಯಲ್ಲಿ ಹೊರಬಂದೆ ಅನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು. ಆದರೂ ಕೋಣೆಗೆ ಸುಣ್ಣ ಬಳಿಯುವುದು ನಿಂತಿರಲಿಲ್ಲ. ಅವಳು ನನ್ನಂತೆ ಆಗಬಾರದು ಅನ್ನುವ ಒಂದೇ ಚಿಂತೆಯಲ್ಲಿ ನಾನು ಆ ತಿಂಗಳುಗಳನ್ನು ಕಳೆದೆ. ಇಂಥದ್ದೇ ಕೋಣೆಯಲ್ಲಿ ಮಲಗಿ ಕದ್ದು ಮೊಬೈಲು ನೋಡುತ್ತ ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ಮೊದಲು ಎದ್ದು ಒಂದು ಚೊಂಬು ನೀರು ಕುಡಿಯಿರಿ. ಆಮೇಲೆ ಮುಂದೆ ಓದಿ.

ನಾನು ನ್ಯಾಮತಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಗಂಡ ಮಂಜುನಾಥ ಅವ್ವನ ಸ್ವಂತ ತಮ್ಮ, ನನಗೆ ಸೋದರಮಾವ. ಮದುವೆಗೆ ಮುಂಚೆ ಮಾಮ ಅನ್ನುತ್ತಿದ್ದೆ, ಈಗಲೂ ಮಾಮನೇ. ಹಾಗಾಗಿ ನನ್ನ ಅತ್ತೆ ಅಂದರೆ ನನ್ನ ಅಜ್ಜಿ, ಅವ್ವನ ತಾಯಿ. ತೀರಿಹೋದ ನಮ್ಮಪ್ಪ ಕೂಡ ಅವ್ವನಿಗೆ ಸೋದರತ್ತೆಯ ಮಗ. ನಮ್ಮ ಕಡೆ ಇದೇನು ವಿಶೇಷವಲ್ಲ. ಹೆಣ್ಣು ಗೊತ್ತಿರುವ ಮನೆಗೆ ಹೋಗುತ್ತಾಳೆ, ಹೊಲ ಮನೆ ಕೈಬಿಟ್ಟು ಹೋಗುವುದಿಲ್ಲ, ಜಗಳವಾದರೂ ಒಳಗೇ ಮುಗಿಯುತ್ತದೆ. ಪುಷ್ಪ ಒಬ್ಬಳೇ ಹೊರಗಿನ ಮನೆತನಕ್ಕೆ, ಹೊನ್ನಾಳಿಗೆ, ಹೋದವಳು.

ಅವ್ವನಿಗೆ ಬಾಣಂತನ ಮಾಡುವುದರಲ್ಲಿ ಓಣಿಗೆಲ್ಲ ಹೆಸರು. ಮಗುವಿಗೆ ಎಣ್ಣೆ ತಿಕ್ಕುವುದು, ಹೊಗೆ ಹಾಕುವುದು, ಬಾಣಂತಿಯ ಸೊಂಟ ಕಟ್ಟುವುದು, ಎಲ್ಲದರಲ್ಲೂ ಆಕೆಯ ಕೈ ಪಳಗಿತ್ತು. ಆಕೆಗೆ ಒಂದೇ ಭಯ, ಸನ್ನಿ. ಹೆತ್ತವಳಿಗೆ ಮೈ ನಡುಗಿ, ಮಾತು ತೊದಲಿ, ಪ್ರಜ್ಞೆ ತಪ್ಪಿದರೆ ನಮ್ಮ ಕಡೆ ಸನ್ನಿ ಅನ್ನುತ್ತಾರೆ. ಅದು ತಂಪಿನಿಂದ ಬರುತ್ತದೆ ಅಂತ ನಂಬಿಕೆ. ಸೊಪ್ಪು ತಂಪು, ಮೊಸರು ತಂಪು, ಹಣ್ಣು ತಂಪು, ಹಾಲು ಕಫ. ಮೊಟ್ಟೆ ಮಾಂಸ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಉಳಿದದ್ದು ಅನ್ನ, ತುಪ್ಪ, ಮೆಣಸು ಬೆಳ್ಳುಳ್ಳಿಯ ಸಾರು, ಕೊಬ್ಬರಿ ಬೆಲ್ಲ. ಎಲ್ಲಕ್ಕಿಂತ ದೊಡ್ಡ ವೈರಿ ನೀರು. ಓಣಿಯ ಬೇರೆ ಹೆಂಗಸರು ಒಂದು ಲೋಟಕ್ಕೆ ಎರಡು ಲೋಟ ಕೊಡುತ್ತಿದ್ದರೋ ಏನೋ, ಅವ್ವನ ಹತ್ತಿರ ಆ ಮಾತೇ ಇಲ್ಲ.

ಬಸುರಿಯಿದ್ದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣ, ಫೋಲಿಕ್‌ನ ಕೆಂಪು ಮಾತ್ರೆಗಳನ್ನು ನಾನು ಸರಿಯಾಗಿ ನುಂಗಿರಲಿಲ್ಲ. ಹೊಟ್ಟೆ ತೊಳಸುತ್ತದೆ ಅಂತ ನಾನು, ಮಗು ಕಪ್ಪಾಗುತ್ತದೆ ಅಂತ ಅಜ್ಜಿ, ಇಬ್ಬರೂ ಸೇರಿ ಅವನ್ನು ಕಪಾಟಿನ ಹಿಂದೆ ತಳ್ಳಿದ್ದೆವು. ಮಗಳು ಬೆಳ್ಳಗೇ ಹುಟ್ಟಿದಳು. ಅಜ್ಜಿಗೆ ತನ್ನ ಮಾತು ಗೆದ್ದಿತೆಂದು ಬಲು ಖುಷಿ.

ಆ ಕೋಣೆಯ ಬಾಯಾರಿಕೆಯನ್ನು ಹೇಗೆ ಹೇಳಲಿ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕೂರಿಸಿ ಅವ್ವ ಹಂಡೆಗಟ್ಟಲೆ ಸುಡುನೀರು ಮೈಮೇಲೆ ಎರೆಯುತ್ತಿದ್ದಳು. ಮೈಗೆ ಅಷ್ಟು ನೀರು, ಬಾಯಿಗೆ ಅರ್ಧ ಲೋಟ. ಮುಖದ ಮೇಲಿಂದ ಇಳಿದು ತುಟಿಗೆ ಬಂದ ನೀರನ್ನು ನಾನು ನಾಲಿಗೆ ಚಾಚಿ ಹೀರುತ್ತಿದ್ದೆ. ಸೀಗೆಪುಡಿಯ ಕಹಿ ಇರುತ್ತಿತ್ತು. ಆದರೂ ಹೀರುತ್ತಿದ್ದೆ. ಹೊರಗೆ ಅಂಗಳದಲ್ಲಿ ಯಾರೋ ನಲ್ಲಿಗೆ ಕೊಡ ಇಟ್ಟ ಸದ್ದು ಕೇಳಿದರೆ ಅಳು ಬರುತ್ತಿತ್ತು. ಅಂಗಡಿ ನಡೆಸುವ, ಸ್ಕೂಟಿ ಓಡಿಸುವ ಹೆಂಗಸು, ನೀರು ಕುಡಿಯಲು ಅಪ್ಪಣೆ ಇಲ್ಲದೆ ಗೋಡೆ ನೋಡುತ್ತ ಬಿದ್ದಿದ್ದೆ. ಬಾಗಿಲಿಗೆ ಚಿಲಕವೇನೂ ಇರಲಿಲ್ಲ. ಅವ್ವನ ಪ್ರೀತಿಯೇ ಚಿಲಕವಾಗಿತ್ತು, ಅದನ್ನು ಒದ್ದು ಹೊರಬರುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಎರಡನೆಯ ವಾರ ತಲೆನೋವು ಶುರುವಾಯಿತು.

“ಅವ್ವ, ತಲಿ ಸಿಡೀತೈತೆ.”

“ಗಾಳಿ ಹೊಕ್ಕೈತೆ. ಕಿವ್ಯಾಗಿನ ಹತ್ತಿ ತೆಗ್ದಿದ್ದೇನು?”

“ಇಲ್ಲವ್ವ.”

“ತೆಗ್ದಿರ್ತೀಯ ಬಿಡು.”

ಸ್ಕಾರ್ಫು ಇನ್ನಷ್ಟು ಬಿಗಿಯಾಯಿತು. ನೋವು ಕಡಿಮೆಯಾಗಲಿಲ್ಲ. ಮಲಗಿದರೆ ಹೆಚ್ಚು, ಕೆಮ್ಮಿದರೆ ಇನ್ನೂ ಹೆಚ್ಚು. ಮಗುವಿನ ಮುಖ ಎರಡೆರಡು ಕಾಣತೊಡಗಿತು. ಹೇಳಿದರೆ ಸಾರಿಗೆ ಇನ್ನೊಂದು ಹಿಡಿ ಮೆಣಸು ಬೀಳುತ್ತದೆ ಅಂತ ಸುಮ್ಮನಾದೆ. ಒಂದು ಬೆಳಿಗ್ಗೆ ಮಗುವಿಗೆ ಹಾಲು ಕೊಡುತ್ತಿದ್ದಾಗ ಬಲಗೈ ನನ್ನ ಮಾತು ಕೇಳದೆ ತಾನೇ ಕುಣಿಯತೊಡಗಿದ್ದು ನೆನಪಿದೆ. ಅವ್ವ ಓಡಿ ಬಂದು ಮಗುವನ್ನು ಕಿತ್ತುಕೊಂಡದ್ದು ನೆನಪಿದೆ. ಆಮೇಲಿನದು ಬೇರೆಯವರು ಹೇಳಿದ್ದು. ಅವ್ವ “ಸನ್ನಿ, ಸನ್ನಿ” ಅಂತ ಬೀದಿಗೆ ಓಡಿದಳಂತೆ. ಪಕ್ಕದ ಮನೆಯವರ ಗಾಡಿಯಲ್ಲಿ ಜಗಳೂರಿಗೆ, ಅಲ್ಲಿಂದ ದಾವಣಗೆರೆಗೆ ಒಯ್ದರಂತೆ.

ಕಣ್ಣು ಬಿಟ್ಟಾಗ ಮೇಲೆ ಟ್ಯೂಬ್‌ಲೈಟುಗಳ ಸಾಲು ಕಂಡಿತು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಸ್ಟ್ರೆಚರ್ ಮೇಲೆ ಸರದಿ ಕಾಯುತ್ತಿದ್ದೆ. ಮಾಮ ಪಕ್ಕದಲ್ಲಿ ನನ್ನ ಬಳೆ, ಓಲೆ, ತಾಳಿ ಎಲ್ಲವನ್ನೂ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಂಡು ನಿಂತಿದ್ದ. ಮಷೀನಿನೊಳಗೆ ಲೋಹ ಹೋಗಬಾರದಂತೆ. ಬರಿ ಕೊರಳು ಮುಟ್ಟಿ ನೋಡಿಕೊಂಡು ನಾನು ಸತ್ತೇಹೋಗಿದ್ದೇನೆ ಅಂದುಕೊಂಡೆ. “ಮಾಮ, ನಾನು ಅದೀನಾ?” ಅಂದೆ. ಅವನು ಅತ್ತುಬಿಟ್ಟ. ನನಗೆ ಅದರಿಂದ ಧೈರ್ಯ ಬಂತು. ಸತ್ತವಳ ಮಾತಿಗೆ ಯಾರೂ ಹಾಗೆ ಅಳುವುದಿಲ್ಲ.

ತಲೆಯೊಳಗೆ ರಕ್ತ ವಾಪಸ್ ಹರಿಯುವ ನಾಳದಲ್ಲಿ ಹೆಪ್ಪುಗಟ್ಟಿತ್ತು. ಹೆಪ್ಪು ಬೆಳೆಯದಂತೆ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್, ಫಿಟ್ಸ್ ನಿಲ್ಲಲು ಡ್ರಿಪ್ಪು. ಸಿಸ್ಟರ್ ಒಂದು ಬಾಟಲಿ ನೀರು ತಂದು ಬಾಯಿಗೆ ಹಿಡಿದಾಗ ಅವ್ವ ಅಡ್ಡ ಬಂದಳು.

“ಬ್ಯಾಡ್ರಿ ಸಿಸ್ಟ್ರೆ, ಹಸಿ ಬಾಣಂತಿ ಐತೆ.”

“ಬಾಣಂತಿ ಅಂತಾನೇ ಕುಡಿಸ್ತಿರೋದು. ನೀವು ಸ್ವಲ್ಪ ಹೊರಗೆ ಕುಂದ್ರಿ.”

ಆ ಬಾಟಲಿಯನ್ನು ಉಸಿರು ಬಿಡದೆ ಖಾಲಿ ಮಾಡಿದೆ. ಬದುಕಿನಲ್ಲಿ ಅಷ್ಟು ಸುಖ ನನಗೆ ಇನ್ಯಾವುದರಿಂದಲೂ ಸಿಕ್ಕಿಲ್ಲ, ಮಾಮ ತಪ್ಪು ತಿಳಿಯಬಾರದು.

ನನ್ನನ್ನು ಇಟ್ಟಿದ್ದ ಐಸಿಯು ಒಳಗೆ ಮಗುವನ್ನು ಬಿಡಲಿಲ್ಲ. ಅಜ್ಜಿ ನ್ಯಾಮತಿಯಿಂದ ಬಂದು ಅದನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ವರಾಂಡದಲ್ಲಿ ಕುಳಿತಿದ್ದಳು. ನನ್ನ ಎದೆಯ ಹಾಲು ಇಲ್ಲಿ ಬಟ್ಟೆ ತೋಯಿಸುತ್ತಿತ್ತು, ಅಲ್ಲಿ ಮಗು ಬಾಟಲಿ ಒಲ್ಲೆನೆಂದು ಕಿರುಚುತ್ತಿತ್ತು. ಚನ್ನಗಿರಿ ಕಡೆಯ ಕೆರೆಬಿಳಚಿಯಿಂದ ಗಂಡನನ್ನು ಆಸ್ಪತ್ರೆಗೆ ಸೇರಿಸಲು ಬಂದಿದ್ದ ಒಬ್ಬಳು ಕೈಗೂಸಿನ ತಾಯಿ, ಏನೂ ಕೇಳದೆ ನನ್ನ ಮಗಳನ್ನು ಎತ್ತಿಕೊಂಡು ಸೆರಗಿನೊಳಗೆ ಹಾಕಿಕೊಂಡಳಂತೆ. ಅಜ್ಜಿ ಆಕೆಯ ಜಾತಿ ಕೇಳಲಿಲ್ಲ. ಅಜ್ಜಿ ಅದನ್ನು ಕೇಳದೆ ಬಿಟ್ಟದ್ದು ನನಗೆ ತಿಳಿದಂತೆ ಅದೊಂದೇ ಸಲ. ಹೆಸರನ್ನೂ ಕೇಳಲಿಲ್ಲವಲ್ಲ ಅಂತ ಈಗ ಸಂಕಟವಾಗುತ್ತದೆ.

ವಾರ್ಡಿಗೆ ಬಂದ ಮೇಲೆ ರಕ್ತದ ವರದಿಗಳು ಒಂದೊಂದಾಗಿ ಬಂದವು. ಡಾಕ್ಟರ್ ಮೇಡಂ ನನ್ನ ವಯಸ್ಸಿನವರೇ ಇರಬೇಕು, ಸ್ಟೂಲು ಎಳೆದುಕೊಂಡು ಕೂತು ಮಾತಾಡುವವರು. ನನ್ನ ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನುವುದು ತುಂಬ ಏರಿತ್ತು, ಅದು ಏರಿದರೆ ರಕ್ತ ಬೇಗ ಹೆಪ್ಪುಗಟ್ಟಬಹುದಂತೆ. ಹಾಲು ಮೊಸರಿನಲ್ಲಿ ಸಿಗುವ ಬಿ-ಹನ್ನೆರಡು ವಿಟಮಿನ್ ಪಾತಾಳಕ್ಕೆ ಇಳಿದಿತ್ತು, ಸೊಪ್ಪಿನಲ್ಲಿರುವ ಫೋಲೇಟ್ ಕೂಡ ಕಡಿಮೆ. ಜೊತೆಗೆ ಆ ಫೋಲೇಟನ್ನು ಸರಿಯಾಗಿ ಬಳಸಿಕೊಳ್ಳದ ಒಂದು ಜೀನು, ಅಪ್ಪನಿಂದ ಒಂದು, ಅವ್ವನಿಂದ ಒಂದು, ಎರಡೂ ನನಗೆ ಬಂದಿದ್ದವು.

“ನಿಮ್ಮಲ್ಲಿ ಸಂಬಂಧದಲ್ಲೇ ಮದುವೆನಾ?” ಅಂತ ಮೇಡಂ ಕೇಳಿದರು.

ನಾನು ನಮ್ಮ ಮನೆಯ ನಂಟನ್ನು ಬಿಡಿಸಿ ಹೇಳಿದೆ. ಸೊಸೆಗೆ ಇಂಥ ಕಾಯಿಲೆ ಎಂದು ತಿಳಿದಾಗ ಅತ್ತೆಯಾದವಳು “ನಿಮ್ಮ ಮನೆತನದ ದೋಷ” ಅನ್ನಲೇಬೇಕಾದ ಜಾಗ ಅದು. ಅಜ್ಜಿ ಬಾಯಿ ತೆರೆದಳು, ಯಾರ ಮನೆತನ ಅಂತ ಯೋಚಿಸಿದಳು, ಬಾಯಿ ಮುಚ್ಚಿದಳು. ಬೈಗುಳ ಎಲ್ಲಿಂದ ಹೊರಟರೂ ತಿರುಗಿ ಅವಳ ಮಡಿಲಿಗೇ ಬರುತ್ತಿತ್ತು.

“ಜೀನ್ ಇದ್ದೋರಿಗೆಲ್ಲ ಹಿಂಗಾಗಲ್ಲ,” ಅಂದರು ಮೇಡಂ. “ಭಾಳ ಜನಕ್ಕೆ ಇರುತ್ತೆ, ಗೊತ್ತೂ ಆಗಲ್ಲ. ಬಿ ವಿಟಮಿನ್ ಸಾಕಷ್ಟಿದ್ರೆ ಬಹುಶಃ ಅದು ಸುಮ್ನೆ ಇರ್ತಿತ್ತು. ಹೆರಿಗೆ ಆದಾಗ ರಕ್ತ ಹೆಪ್ಪುಗಟ್ಟೋದು ಜಾಸ್ತಿ. ನೀರಿಲ್ಲ, ಸೊಪ್ಪಿಲ್ಲ, ಹಾಲು ಮೊಸರಿಲ್ಲ. ಎಲ್ಲಾ ಒಟ್ಟಿಗೆ ಬಂದ್ವು.”

“ಯಾವುದರಿಂದ ಅಂತ ಹೇಳಾಕೆ ಬರಲ್ವಾ ಮೇಡಂ?”

“ಇದರಿಂದಾನೇ ಅಂತ ಬೆರಳು ತೋರ್ಸಿದ್ರೆ ಸುಳ್ಳು ಹೇಳಿದಂಗಾಗುತ್ತೆ.”

ಅಂಥ ಪ್ರಾಮಾಣಿಕತೆ ಆಗ ನನಗೆ ಬೇಕಿರಲಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು. ಅವ್ವನ ಮೇಲೆ ಮಾಡಿದೆ, ಮನಸ್ಸಿನಲ್ಲೇ.

ನ್ಯಾಮತಿಗೆ ಬಂದೆ. ಬಾಣಂತಿಯ ಕೋಣೆಯಿಂದ ಬಿಡಿಸಿಕೊಂಡು ರೋಗಿಯ ಕೋಣೆಗೆ ಬಂದದ್ದಷ್ಟೇ. ಫಿಟ್ಸ್ ಬರಬಹುದೆಂದು ಸ್ಕೂಟಿಯ ಕೀಲಿ ಮಾಮನ ಜೇಬಿಗೆ ಹೋಯಿತು. ಮೋಟಾರಿನ ಹೊಲಿಗೆ ಮಷೀನು ಮುಟ್ಟುವಂತಿಲ್ಲ, ಒಲೆ ಮುಂದೆ ಒಬ್ಬಳೇ ನಿಲ್ಲುವಂತಿಲ್ಲ, ಬಚ್ಚಲ ಬಾಗಿಲಿಗೆ ಅಗುಳಿ ಹಾಕುವಂತಿಲ್ಲ. ಹೊರಗೆ ಅಜ್ಜಿ ನಿಂತು “ಅದೀಯೇನೆ?” ಅಂತ ಕೂಗುವುದು, ಒಳಗಿಂದ ನಾನು “ಅದೀನಿ” ಅನ್ನುವುದು. ರಕ್ತ ತೆಳುವಾಗಿಡುವ ಮಾತ್ರೆ ಬೇರೆ. ಅದನ್ನು ನುಂಗುವವರು ಸೊಪ್ಪನ್ನು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ತಿನ್ನಬಾರದು, ಮಾತ್ರೆಯ ಲೆಕ್ಕ ಕೆಡುತ್ತದೆ. ದಿನಾ ಒಂದೇ ಅಳತೆ. ಮಾಮ ಸಂತೆಯಲ್ಲಿ ಸೊಪ್ಪಿನ ಕಟ್ಟುಗಳನ್ನು ಕೈಯಲ್ಲಿ ತೂಗಿ ತೂಗಿ ನೋಡುವುದನ್ನು ಕಂಡು ಮಾರುವವಳು, “ಬಂಗಾರ ಕೊಳ್ಳಾಕೆ ಬಂದೀರೇನ್ರಿ?” ಅಂದಳಂತೆ.

“ಸೊಪ್ಪು ಬಿಟ್ರೂ ತಪ್ಪು, ತಿಂದ್ರೂ ತಪ್ಪು. ಇದೆಂಥಾ ಕಾಯಿಲೆನೆ ನಿಂದು?” ಅಂತ ಅಜ್ಜಿ ಹಣೆ ಚಚ್ಚಿಕೊಂಡಳು. ನಿಜ ಹೇಳಬೇಕೆಂದರೆ ನಾನೂ ಅದನ್ನೇ ಕೇಳುತ್ತಿದ್ದೆ. ಬಿ-ಹನ್ನೆರಡರ ಇಂಜೆಕ್ಷನ್, ಫೋಲಿಕ್ ಮಾತ್ರೆ, ಎರಡು ಹೊತ್ತು ಮೊಸರು. ಹೋಮೋಸಿಸ್ಟೀನ್ ಇಳಿಯಿತು. ಅದು ಇಳಿದರೆ ಮುಂದೆ ಹೆಪ್ಪುಗಟ್ಟುವುದಿಲ್ಲ ಅಂತ ಬರೆದುಕೊಡುತ್ತೀರಾ ಅಂದರೆ ಮೇಡಂ ಇಲ್ಲ ಅಂದರು. ಅಪಾಯ ಕಡಿಮೆಯಾಗಬಹುದು, ಅಷ್ಟೇ. ಆ ‘ಬಹುದು’ ಅನ್ನುವುದರೊಳಗೆ ಬದುಕುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಹೀಗಿರುವಾಗ ಪುಷ್ಪ ಬಸುರಿಯಾದಳು. ದಿನ ತುಂಬುವುದು ಮತ್ತೆ ಬೇಸಿಗೆಗೆ. ಮೇಡಂ ಹೇಳಿದಂತೆ ಅವಳ ರಕ್ತ ಪರೀಕ್ಷೆಯಾಯಿತು. ಬಿ-ಹನ್ನೆರಡು ಅವಳಿಗೂ ಕಡಿಮೆಯಿತ್ತು. ಇಂಜೆಕ್ಷನ್, ಮಾತ್ರೆ ಶುರುವಾದವು, ಅವಳು ತಪ್ಪದೆ ತೆಗೆದುಕೊಂಡಳು. ಅಲ್ಲಿಯವರೆಗೆ ಸರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅವ್ವ ಕೋಣೆಗೆ ಸುಣ್ಣ ಬಳಿಸಿದಳು, ಇದ್ದಿಲು ತರಿಸಿದಳು, ಕಿಟಕಿಗೆ ಹೊಸ ಗೋಣಿತಾಟು ಹೊಲಿಸಿದಳು.

ನಾನು ಫೋನಿನಲ್ಲಿ ಹೇಳಿದೆ. “ಅವ್ವ, ಪುಷ್ಪಂಗೆ ನೀರು ಬಿಗಿ ಹಿಡೀಬ್ಯಾಡ. ಸೊಪ್ಪು ಹಾಕು, ಮೊಸರು ಹಾಕು.”

“ಹಂಗಾರೆ ನಿನ್ನ ನಾನೇ ಹಿಂಗ್ ಮಾಡಿದ್ದು ಅಂತೀಯ?”

ಹೌದು ಅಂದರೆ ಅವ್ವ ಉಳಿಯುವುದಿಲ್ಲ. ಅಲ್ಲ ಅಂದರೆ ಪುಷ್ಪ ಉಳಿಯುತ್ತಾಳೋ ಇಲ್ಲವೋ. ಬೆರಳು ತೋರಿಸಿದರೆ ಸುಳ್ಳು ಅಂತ ಮೇಡಂ ಬೇರೆ ಹೇಳಿದ್ದರು. ನಾನು ಫೋನು ಹಿಡಿದುಕೊಂಡೇ ಇದ್ದೆ. ಅವ್ವ ಅತ್ತ ಕಡೆಯಿಂದ ಕಟ್ ಮಾಡಿದಳು. ಪುಷ್ಪನಿಗೆ ಹೇಳಿದರೆ, “ಅವ್ವ ನೊಂದ್ಕಂತಾಳೆ ಅಕ್ಕ. ನಾಲ್ಕು ವಾರ ಹೆಂಗೋ ತಡ್ಕಂತೀನಿ,” ಅಂದಳು. ಗಂಡನ ಮನೆಯವರಿಗೆ ಹೇಳಿದರೆ ಬೀಗಿತ್ತಿಯ ಎದುರು ಅವ್ವನ ಮರ್ಯಾದೆ ಹೋಗುತ್ತದೆ. ಯಾವ ಕಡೆ ತಿರುಗಿದರೂ ಗೋಡೆಯೇ ಇತ್ತು.

ಕಡೆಗೆ ಒಂದು ಉಪಾಯ ಹೂಡಿದೆ. ಮಾಮನಿಗೆ ಪುರುಸೊತ್ತಿಲ್ಲ, ನನ್ನ ಚೆಕಪ್‌ಗೆ ನೀನು ಜೊತೆಗೆ ಬಾ ಅಂತ ಅವ್ವನನ್ನು ದಾವಣಗೆರೆಗೆ ಕರೆಸಿದೆ. ನಾನು ಹೇಳಲಾರದ್ದನ್ನು ಮೇಡಂ ಹೇಳಲಿ ಅಂತ. ಕಾಯುವ ಬೆಂಚಿನಲ್ಲಿ ಇಬ್ಬರೂ ಅಪರಿಚಿತರಂತೆ ಕೂತಿದ್ದೆವು. ಒಳಗೆ ಹೋದ ಮೇಲೆ ಮೇಡಂ ಅವ್ವನಿಗೆ ಸಮಾಧಾನವಾಗಿಯೇ ತಿಳಿಸಿದರು. ಬಾಣಂತಿಗೆ ನೀರು ಬೇಕು, ನಿಮ್ಮ ಮನೆಯ ಹೆಣ್ಣುಮಕ್ಕಳಿಗಂತೂ ಬೇಕೇ ಬೇಕು. ಅವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ಏಳುವ ಹೊತ್ತಿಗೆ ಸೆರಗಿನ ತುದಿ ಸುತ್ತುತ್ತ ಕೇಳಿದಳು:

“ಮೇಡಮ್ನೋರೆ, ಒಬ್ಬ ಬಾಣಂತಿಗೆ ಮೊದ್ಲೇ ತಲೆನೋವಿತ್ತು ಅನ್ರಿ. ಆಮ್ಯಾಲೆ ಆಕೆ ನೀರು ಕುಡಿದ್ಲು ಅನ್ರಿ. ಆ ನೀರಿನಿಂದ ಸನ್ನಿ ಬರ್ತೈತೇನ್ರಿ?”

“ಇಲ್ಲಮ್ಮ. ತಲೆನೋವು ಬಂದಾಗ್ಲೇ ಕಾಯಿಲೆ ಶುರುವಾಗಿರುತ್ತೆ.”

“ತಣ್ಣೀರಾದ್ರೆ?”

“ತಣ್ಣೀರಾದ್ರೂ.”

“ಪೂರಾ ಒಂದು ಗಿಂಡಿ?”

ಮೇಡಂ ನಕ್ಕರು. “ಎರಡು ಗಿಂಡಿ ಆದ್ರೂ ಅಷ್ಟೇ. ನೀರು ಕೊಟ್ರೆ ಯಾವ ಬಾಣಂತೀನೂ ಸಾಯಲ್ಲಮ್ಮ.”

ಹೊರಗೆ ಜನ ಕಾಯುತ್ತಿದ್ದರು. ನನಗೆ ಅವ್ವನ ಮೇಲೆ ರೇಗಿತು. ಇಷ್ಟು ಹೇಳಿದ ಮೇಲೂ ನಂಬದೆ ಕೊಂಕು ತೆಗೆಯುತ್ತಿದ್ದಾಳೆ ಅಂದುಕೊಂಡೆ.

ಅವ್ವನನ್ನು ಊರಿಗೆ ಬಿಡಲು ನಾನೂ ಜಗಳೂರು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತ ಅವ್ವ ಹೊರಗೆ ನೋಡುತ್ತಲೇ ಹೇಳತೊಡಗಿದಳು. ಆಕೆಗೊಬ್ಬಳು ಅಕ್ಕ ಇದ್ದಳು, ಗಿರಿಜ. ಚೊಚ್ಚಲ ಹೆರಿಗೆಗೆ ನ್ಯಾಮತಿಗೆ ಬಂದವಳು ಬಾಣಂತಿ ಕೋಣೆಯಲ್ಲೇ ಸತ್ತಳು. ಅಷ್ಟು ನನಗೆ ಗೊತ್ತಿತ್ತು. ಹೆರಿಗೆಯಲ್ಲಿ ಹೋದಳು ಅಂತಲೇ ಎಲ್ಲರೂ ಹೇಳುವುದು.

“ತಲೆನೋವು ತಲೆನೋವು ಅಂತ ಒಂದೇ ಸಮ ಅಳ್ತಿದ್ಲು. ನಮ್ಮವ್ವ ಹೊಲಕ್ಕೆ ಹೋಗಿದ್ಲು. ನನ್ನ ಕಾವಲಿಗೆ ಕುಂದ್ರಿಸಿದ್ರು. ಆಗ ನಾನು ಲಂಗದ ಹುಡುಗಿ. ಒಂದು ಗುಟುಕು ಕೊಡೇ ಅಂತ ಕೈ ಮುಗುದ್ಲು ನಂಗೆ, ದೊಡ್ಡಾಕೆ ಆಗಿ. ಗಡಿಗೆಯಿಂದ ಒಂದು ಗಿಂಡಿ ತಣ್ಣೀರು ತಂದು ಕೊಟ್ಟೆ. ಪೂರಾ ಕುಡಿದ್ಲು. ಮರುದಿನ ಸನ್ನಿ ಬಂತು.”

ಬಸ್ಸು ಯಾವುದೋ ಊರಿನಲ್ಲಿ ನಿಂತು ಹೊರಟಿತು.

“ಯಾರಿಗೂ ಹೇಳ್ಲಿಲ್ಲ. ನಾನೇ ಕೊಂದೆ ಅಂತ ಇಷ್ಟು ವರ್ಷ ಹೊತ್ಕಂಡು ತಿರುಗಿದೆ. ನಿಂಗೆ ಒಂದು ಹನಿ ಹೆಚ್ಚು ಕೊಡಾಕೆ ಧೈರ್ಯ ಬರ್ತಿರ್ಲಿಲ್ಲ. ನೀನು ಬೇಡಿದಾಗೆಲ್ಲ ಗಿರಿಜಕ್ಕನ ಮಕ ಕಾಣೋದು.”

ಎರಡು ವರ್ಷ ಬಚ್ಚಿಟ್ಟುಕೊಂಡಿದ್ದ ನನ್ನ ಸಿಟ್ಟಿಗೆ ಆ ಸೀಟಿನಲ್ಲಿ ಜಾಗವೇ ಸಿಗಲಿಲ್ಲ. ಗಿರಿಜ ದೊಡ್ಡಮ್ಮನಿಗೂ ನನ್ನದೇ ಕಾಯಿಲೆ ಇತ್ತೋ ಏನೋ, ಈಗ ಯಾರ ರಕ್ತ ಪರೀಕ್ಷೆ ಮಾಡುವುದು. ಆದರೆ ಆ ಗಿಂಡಿ ನೀರು ಆಕೆಗೆ ಕಡೆಯ ಸುಖ ಕೊಟ್ಟಿತು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಅದನ್ನು ಅವ್ವನಿಗೆ ಹೇಳಿದೆ. “ಆ ಕೋಣೆಯಾಗೆ ನಂಗೆ ಯಾರೂ ಗಿಂಡಿ ತಂದು ಕೊಡ್ಲಿಲ್ಲ ಅವ್ವ. ದೊಡ್ಡಮ್ಮಂಗೆ ನೀನಾದ್ರೂ ಇದ್ದೆ.” ಹೇಳಿದ ಮೇಲೆ ಅದರಲ್ಲಿ ಸಮಾಧಾನದ ಜೊತೆ ಚುಚ್ಚುಮಾತೂ ಇದೆ ಅಂತ ಹೊಳೆಯಿತು. ಅವ್ವ ಎರಡನ್ನೂ ತೆಗೆದುಕೊಂಡಳು. ಊರು ಬರುವವರೆಗೆ ನನ್ನ ಕೈ ಬಿಡಲಿಲ್ಲ.

ಇಳಿಯುವಾಗ ಒಂದೇ ಮಾತು ಹೇಳಿದಳು. “ನಮ್ಮವ್ವಗೆ ಇದು ತಿಳೀಬಾರ್ದು. ನೀರು ಬ್ಯಾಡ ಅಂದಾಕೆ ಆಕೆ. ನಾನು ಇಳಿಸಿದ ಹೊರೆ ಆಕೆ ತಲಿ ಮ್ಯಾಲೆ ಕೂತೀತು.” ಅಜ್ಜಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಮತ್ತು ಅವಳ ಎದುರು ಯಾರೂ ಓದಬೇಡಿರೆಂದು ಕೇಳಿಕೊಳ್ಳುತ್ತೇನೆ.

ನನ್ನ ಮಾತ್ರೆಗಳು ನಡೆದಿವೆ. ಸ್ಕೂಟಿಯ ಕೀಲಿ ಇನ್ನೂ ಮಾಮನ ಬಳಿಯೇ ಇದೆ. ಕಾಲಿನಿಂದ ತುಳಿಯುವ ಹಳೆಯ ಮಷೀನಿನಲ್ಲಿ ಬ್ಲೌಸು ಹೊಲಿಯುತ್ತೇನೆ, ಅದಕ್ಕೆ ಅಪ್ಪಣೆ ಸಿಕ್ಕಿದೆ. ಎರಡನೆಯ ಮಗುವಿನ ಮಾತು ಬಂದಾಗಲೆಲ್ಲ ಮನೆಯಲ್ಲಿ ಎಲ್ಲರೂ ಬೇರೆ ಬೇರೆ ಕೆಲಸ ನೆನಪಿಸಿಕೊಂಡು ಏಳುತ್ತೇವೆ.

ಪುಷ್ಪನಿಗೆ ಮಗ ಹುಟ್ಟಿದ. ಆಸ್ಪತ್ರೆಯಿಂದ ಬಿಳಿಚೋಡಿಗೆ ಬಂದ ದಿನ ನಾನೂ ಹೋಗಿದ್ದೆ. ಅವ್ವ ಎಲ್ಲವನ್ನೂ ಬಿಟ್ಟಿರಲಿಲ್ಲ. ಮಂಚದ ಕೆಳಗೆ ಕೆಂಡ ಇತ್ತು, ಕಿವಿಗೆ ಹತ್ತಿ ಇತ್ತು. ಊಟಕ್ಕೆ ಮೆಣಸಿನ ಸಾರಿನ ಪಕ್ಕದಲ್ಲಿ ಸಬ್ಬಸಿಗೆ ಸೊಪ್ಪಿನ ಪಲ್ಯ ಬಡಿಸಿದಳು. ಆಮೇಲೆ ಕಾಯಿಸಿ ಆರಿಸಿದ ನೀರಿನ ದೊಡ್ಡ ಚೊಂಬನ್ನು ತಂದು ಪುಷ್ಪನ ಕೈಗಿಟ್ಟು, ತಾನು ಬಾಗಿಲ ಬಳಿ ಹೋಗಿ ಕೂತಳು. ಪಕ್ಕದಲ್ಲಿದ್ದ ನನ್ನ ಮಣಿಕಟ್ಟನ್ನು ಹಿಡಿದಳು. ಪುಷ್ಪ ಎರಡು ಗುಟುಕು ಕುಡಿದು, ಅವ್ವನ ಮುಖ ನೋಡಿ ನಿಲ್ಲಿಸಿದಳು. ಅವ್ವನ ಉಗುರು ನನ್ನ ಚರ್ಮಕ್ಕೆ ಇಳಿಯುತ್ತಿತ್ತು.

“ನಂಗೆ ಹೆದ್ರಿಕೆ ಹೋಗಿಲ್ಲ ಪುಷ್ಪ,” ಅಂದಳು ಅವ್ವ. “ನೀನು ನನ್ನ ಮಕ ನೋಡಬ್ಯಾಡ. ಕುಡಿ.”